ರಾಜೀನಾಮೆಯ ಕಾರಣ ಒಂದು, ಮತದಾರರ ಪ್ರಶ್ನೆ ಇನ್ನೊಂದು: ನಗರ ಕ್ಷೇತ್ರಗಳ ಸಂಸತ್ ಉಪಚುನಾವಣೆಗಳ ಕುರಿತು

ಸಂಸದರೊಬ್ಬರು ಅವಧಿಯ ನಡುವೆ ರಾಜೀನಾಮೆ ಕೊಟ್ಟರೆ ನಾವೆಲ್ಲ ಮೊದಲು ಕೇಳುವುದು ಕಾರಣವನ್ನು. ಕಾನೂನಿಗೆ ಮಾತ್ರ ಆ ಕಾರಣ ಬೇಕಾಗಿಯೇ ಇಲ್ಲ. ಸಂವಿಧಾನದ 101ನೇ ವಿಧಿಯ ಪ್ರಕಾರ ಸದಸ್ಯರು ಸ್ವತಃ ಸಹಿ ಮಾಡಿದ ಪತ್ರವನ್ನು ಸ್ಪೀಕರ್ ಅವರಿಗೆ ಸಲ್ಲಿಸಬೇಕು. ಅವರು ಅಂಗೀಕರಿಸಿದರೆ ಸ್ಥಾನ ತೆರವಾಗುತ್ತದೆ. ಗುಜರಾತಿನ ನವನಿರ್ಮಾಣ ಚಳವಳಿಯ ಹೊತ್ತಿನಲ್ಲಿ ಶಾಸಕರ ಮೇಲೆ ಒತ್ತಡ ಹೇರಿ ರಾಜೀನಾಮೆ ಪಡೆದ ಪ್ರಸಂಗಗಳು ನಡೆದ ಮೇಲೆ, 1974ರಲ್ಲಿ 33ನೇ ತಿದ್ದುಪಡಿ ಬಂದು, ರಾಜೀನಾಮೆ ಸ್ವಇಚ್ಛೆಯದ್ದೇ, ನಿಜವಾದದ್ದೇ ಎಂಬುದನ್ನು ಸಭಾಧ್ಯಕ್ಷರು ಖಚಿತಪಡಿಸಿಕೊಳ್ಳಬೇಕೆಂಬ ಷರತ್ತು ಸೇರಿತು. ಅಷ್ಟನ್ನು ಬಿಟ್ಟರೆ ಬೇರೆ ವಿಚಾರಣೆ ಇಲ್ಲ. ಲೋಕಸಭೆಯ ಕಾರ್ಯಕಲಾಪಗಳ 240ನೇ ನಿಯಮವನ್ನು ನೋಡಿ: ಪತ್ರದಲ್ಲಿ ಸದಸ್ಯರು ಕಾರಣಗಳನ್ನೋ ಹೊರಗಿನ ವಿಷಯವನ್ನೋ ಬರೆದಿದ್ದರೆ, ಸ್ಪೀಕರ್ ಆ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಸದನದಲ್ಲಿ ಓದಬಹುದು.

ಹೀಗೆ ಸದನದ ಒಳಗೆ ಓದದೆ ಬಿಟ್ಟ ಕಾರಣ ಕ್ಷೇತ್ರದ ಬೀದಿಗೆ ಬರುತ್ತದೆ. ಬಿಟ್ಟುಹೋದವರು, ಅವರ ಪಕ್ಷ, ಅವರ ವಿರೋಧಿಗಳು, ಎಲ್ಲರೂ ಉಪಚುನಾವಣೆಯನ್ನು ಆ ಕಾರಣದ ಮೇಲಿನ ತೀರ್ಪು ಎಂದು ಹೇಳಲು ಹೊರಡುತ್ತಾರೆ. ನಾನು ನಿಮ್ಮ ಮುಂದಿಡಬೇಕೆಂದಿರುವುದು ಇಷ್ಟೇ: ಕ್ಷೇತ್ರದ ಮುಂದೆ ಯಾವ ಪ್ರಶ್ನೆ ಇದೆ ಎಂದು ನಿರ್ಧರಿಸುವ ಹಕ್ಕು ರಾಜೀನಾಮೆ ಕೊಟ್ಟವರಿಗೆ ಇಲ್ಲ. ಅದು ಮತದಾರರದ್ದು. ನಗರದ ಮತದಾರರು ಈ ಹಕ್ಕನ್ನು ಚಲಾಯಿಸಿದ ರೀತಿಯನ್ನು ಕೆಲವು ಚುನಾವಣೆಗಳ ಮೂಲಕ ನೋಡೋಣ. ಕರ್ನಾಟಕದಲ್ಲಿ ಇಂಥ ಮಾತು ಬಂದರೆ ನಿಮ್ಮಲ್ಲಿ ಹಿರಿಯರಿಗೆ 1978ರ ಚಿಕ್ಕಮಗಳೂರು ನೆನಪಾಗುವುದು ಸಹಜ; ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟು ಇಂದಿರಾ ಗಾಂಧಿಯವರು ಅಲ್ಲಿಂದ ಗೆದ್ದ ಉಪಚುನಾವಣೆ ಅದು. ಆದರೆ ಅದು ಕಾಫಿ ತೋಟಗಳ, ಹಳ್ಳಿಗಳ ಕ್ಷೇತ್ರ. ನನ್ನ ವಿಷಯ ನಗರ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಗೋರಖಪುರದಿಂದ ಪ್ರಾರಂಭಿಸೋಣ. 1989ರಿಂದ ಆ ಲೋಕಸಭಾ ಸ್ಥಾನ ಗೋರಖನಾಥ ಮಠದ ಮಹಂತರ ಕೈಯಲ್ಲೇ ಇತ್ತು. ಮೊದಲು ಅವೈದ್ಯನಾಥ, 1998ರಿಂದ ಯೋಗಿ ಆದಿತ್ಯನಾಥ. ಆದಿತ್ಯನಾಥರು ಸತತ ಐದು ಬಾರಿ ಗೆದ್ದರು. 2014ರಲ್ಲಿ ಅವರ ಅಂತರ ಮೂರು ಲಕ್ಷ ಮತಗಳನ್ನು ದಾಟಿತ್ತು. 19 ಮಾರ್ಚ್ 2017ರಂದು ಅವರು ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು. ಶಾಸನಸಭೆಯ ಸದಸ್ಯರಲ್ಲದವರು ಆರು ತಿಂಗಳವರೆಗೆ ಮಂತ್ರಿಯಾಗಿರಲು ಸಂವಿಧಾನದ 164ನೇ ವಿಧಿ ಅವಕಾಶ ಕೊಡುತ್ತದೆ. ಆ ಆರು ತಿಂಗಳನ್ನು ಅವರು ಪೂರ್ತಿ ಬಳಸಿಕೊಂಡರು. ನಡುವೆ ಜುಲೈನಲ್ಲಿ ರಾಷ್ಟ್ರಪತಿ ಚುನಾವಣೆಯೂ ಇತ್ತು, ಅದರಲ್ಲಿ ಸಂಸದರಿಗೆ ಮತವಿದೆ. ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತಿಗೆ ಆಯ್ಕೆಯಾದ ಬಳಿಕ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಮತದಾನ ನಡೆದದ್ದು 11 ಮಾರ್ಚ್ 2018ರಂದು, ಒಂದು ಭಾನುವಾರ. ಲೆಕ್ಕ ಹಾಕಿ: ಹೆಚ್ಚುಕಡಿಮೆ ಒಂದು ವರ್ಷ ಗೋರಖಪುರಕ್ಕೆ ಲೋಕಸಭೆಯಲ್ಲಿ ಪೂರ್ಣಾವಧಿ ಪ್ರತಿನಿಧಿ ಇರಲಿಲ್ಲ. ಆ ನಡುವೆ, 2017ರ ಆಗಸ್ಟಿನಲ್ಲಿ, ಆ ಊರಿನ ಬಿ.ಆರ್.ಡಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಅನೇಕ ಮಕ್ಕಳು ಸತ್ತರು. ಬಾಕಿ ಬಿಲ್ಲಿನಿಂದಾಗಿ ಆಮ್ಲಜನಕದ ಪೂರೈಕೆ ನಿಂತದ್ದೇ ಕಾರಣವೆಂಬ ಆರೋಪ ಬಂತು, ಸರ್ಕಾರ ಅದನ್ನು ಅಲ್ಲಗಳೆಯಿತು. ದೇಶವಿಡೀ ಚರ್ಚಿಸಿದ ಆ ಸಾವುಗಳನ್ನು ಅದೇ ಊರಿನ ತಾಯಂದಿರು ಮತ ಹಾಕುವಾಗ ಬದಿಗಿಟ್ಟಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಈ ಪ್ರಕರಣದಲ್ಲಿ ರಾಜೀನಾಮೆಯ ಕಾರಣ ಕ್ಷೇತ್ರಕ್ಕೆ ಹೆಮ್ಮೆಯದೇ ಆಗಿತ್ತು, ನಮ್ಮ ಊರಿನವರು ಮುಖ್ಯಮಂತ್ರಿಯಾದರು ಎಂಬ ಹೆಮ್ಮೆ. ಬಿಜೆಪಿ ಆ ಹೆಮ್ಮೆಯ ಮೇಲೆ ಭರವಸೆಯಿಟ್ಟಿತು. ಅಭ್ಯರ್ಥಿ ಉಪೇಂದ್ರ ದತ್ತ ಶುಕ್ಲ ಮಠದವರಲ್ಲ, ಪಕ್ಷದ ಸಂಘಟನೆಯಿಂದ ಬಂದವರು. ಎದುರಿಗೆ ನಿಷಾದ್ ಪಕ್ಷದ ಸ್ಥಾಪಕರ ಮಗ ಪ್ರವೀಣ್ ನಿಷಾದ್ ಸಮಾಜವಾದಿ ಪಕ್ಷದ ಚಿಹ್ನೆಯ ಮೇಲೆ ನಿಂತರು. ಮತದಾನಕ್ಕೆ ಒಂದು ವಾರವಿರುವಾಗ, ದಶಕಗಳ ವೈರವನ್ನು ಬದಿಗಿಟ್ಟು ಬಿಎಸ್‌ಪಿ ಅವರಿಗೆ ಬೆಂಬಲ ಘೋಷಿಸಿತು. ಪ್ರವೀಣ್ ನಿಷಾದ್ ಸುಮಾರು 22 ಸಾವಿರ ಮತಗಳಿಂದ ಗೆದ್ದರು. ಇದನ್ನು ಎರಡು ಪಕ್ಷಗಳ ಮತ ಕೂಡಿದ ಲೆಕ್ಕ ಎಂದಷ್ಟೇ ವಿವರಿಸಿದವರು ಬಹಳ. ಆ ವಿವರಣೆ ನನಗೆ ಸಾಲದು. 2014ರಲ್ಲಿ ಆದಿತ್ಯನಾಥರಿಗೆ ಬಿದ್ದ ಮತಗಳು ಎದುರಿನ ಎರಡೂ ಪಕ್ಷಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದವು. ಬರೀ ಕೂಡಿಸಿದ್ದರೆ ಗೆಲುವು ಸಿಗುತ್ತಿರಲಿಲ್ಲ. ಬಿಜೆಪಿಗೆ ಮತ ಹಾಕುತ್ತಿದ್ದವರಲ್ಲಿ ಒಂದು ಭಾಗ ಆ ದಿನ ಮನೆಯಲ್ಲೇ ಉಳಿಯಿತು. ಕ್ಷೇತ್ರದಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ.

ಅದೇ ದಿನ ಉಪಮುಖ್ಯಮಂತ್ರಿ ಕೇಶವ ಪ್ರಸಾದ್ ಮೌರ್ಯ ತೆರವು ಮಾಡಿದ್ದ ಫೂಲ್‌ಪುರದಲ್ಲೂ ಮತದಾನ ನಡೆಯಿತು. ಫೂಲ್‌ಪುರ ಎಂದರೆ ನೆಹರೂ ಅವರ ಕ್ಷೇತ್ರ ಎಂದು ನಮಗೆ ನೆನಪು. ಅದು ಹಳ್ಳಿಗಳದ್ದೇ ಎಂದು ಅನೇಕರು ಭಾವಿಸಿದ್ದಾರೆ. ಅಲಹಾಬಾದ್ (ಈಗ ಪ್ರಯಾಗರಾಜ್) ನಗರದ ಪಶ್ಚಿಮ ಮತ್ತು ಉತ್ತರ ವಿಧಾನಸಭಾ ಕ್ಷೇತ್ರಗಳೂ ಅದರೊಳಗೆ ಬರುತ್ತವೆ. ಉತ್ತರ ಕ್ಷೇತ್ರವೆಂದರೆ ವಿಶ್ವವಿದ್ಯಾಲಯದ, ವಕೀಲರ, ಸರ್ಕಾರಿ ನೌಕರರ ಬಡಾವಣೆಗಳು. ಅಲ್ಲಿ ನಾಲ್ಕರಲ್ಲೊಬ್ಬ ಮತದಾರನೂ ಮತಗಟ್ಟೆಗೆ ಬರಲಿಲ್ಲ. ಓದಿದವರು, ದಿನವೂ ರಾಜಕೀಯ ಮಾತಾಡುವವರು ವಾಸಿಸುವ ಬಡಾವಣೆಗಳು ಇವು ಎಂಬುದನ್ನು ಗಮನಿಸಿ. ಫೂಲ್‌ಪುರದಲ್ಲೂ ಸಮಾಜವಾದಿ ಪಕ್ಷವೇ ಗೆದ್ದಿತು, ಸುಮಾರು 59 ಸಾವಿರ ಮತಗಳ ಅಂತರದಿಂದ.

ನಗರದವರು ಉಪಚುನಾವಣೆಗೆ ಏಕೆ ಬರುವುದಿಲ್ಲ ಎಂದು ಕೇಳಿದರೆ ಅಸಡ್ಡೆ ಎಂಬ ಉತ್ತರ ತಕ್ಷಣ ಸಿಗುತ್ತದೆ. ಸಾರ್ವತ್ರಿಕ ಚುನಾವಣೆಯಲ್ಲೇ 2024ರಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳ ಮತದಾನ ಶೇ. 53–54ರಲ್ಲಿ ನಿಂತಿತು ಎಂಬುದು ನಿಮಗೆ ಗೊತ್ತಿದೆ. ಆದರೂ ಅಸಡ್ಡೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ನಗರದಲ್ಲಿ ಬಾಡಿಗೆ ಮನೆ ಬದಲಾಗುತ್ತಲೇ ಇರುತ್ತದೆ, ಮತದಾರರ ಪಟ್ಟಿಯ ಹೆಸರು ಹಳೆಯ ಬಡಾವಣೆಯಲ್ಲೇ ಉಳಿದಿರುತ್ತದೆ. ಸಾರ್ವತ್ರಿಕ ಚುನಾವಣೆಯಲ್ಲಿ ಇಡೀ ಊರಿಗೆ ರಜೆ. ಉಪಚುನಾವಣೆಯಲ್ಲಿ ರಸ್ತೆಯ ಈ ಬದಿಯವರಿಗೆ ಮತದಾನ, ಆ ಬದಿಯ ಕಚೇರಿ ಎಂದಿನಂತೆ ತೆರೆದಿರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ಮತ ಹಾಕುವ ಹಕ್ಕುಳ್ಳ ಪ್ರತಿ ನೌಕರನಿಗೂ ಅಂದು ವೇತನಸಹಿತ ರಜೆ ಕೊಡಬೇಕೆನ್ನುತ್ತದೆ. ಉಪಚುನಾವಣೆಗೂ ಅದು ಅನ್ವಯಿಸುತ್ತದೆ, ಕ್ಷೇತ್ರದ ಹೊರಗೆ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ, ದಿನಗೂಲಿಯವರಿಗೂ ಅನ್ವಯಿಸುತ್ತದೆ. ಉಲ್ಲಂಘಿಸಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ. ಗಾರೆ ಕೆಲಸದವನೊಬ್ಬ ಮೇಸ್ತ್ರಿಯ ಮುಂದೆ ನಿಂತು ಈ ಕಲಮಿನ ಹೆಸರು ಹೇಳಿ ರಜೆಯನ್ನೂ ಆ ದಿನದ ಕೂಲಿಯನ್ನೂ ಕೇಳುವ ದೃಶ್ಯವನ್ನು ಊಹಿಸಿಕೊಳ್ಳಿ. ಅಸಡ್ಡೆ ಯಾರದು ಎಂದು ಆಗ ಯೋಚಿಸಬೇಕಾಗುತ್ತದೆ.

ಮುಂದಿನ ಎರಡು ಉದಾಹರಣೆಗಳು ಲಂಡನ್ನಿನವು. ಅವುಗಳಿಗೆ ಹೋಗುವ ಮುನ್ನ ಒಂದು ಸಣ್ಣ ವಿವರಣೆ ಬೇಕು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಸದಸ್ಯರು ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. 1624ರ ನಿರ್ಣಯವೊಂದು ಅದಕ್ಕೆ ಅಡ್ಡಿ. ಆದರೆ ದೊರೆಯ ಅಧೀನದಲ್ಲಿ ಸಂಬಳದ ಹುದ್ದೆ ಪಡೆದವರು ಸದಸ್ಯತ್ವಕ್ಕೆ ಅನರ್ಹರು. ಹಾಗಾಗಿ ಬಿಡಬೇಕೆನ್ನುವವರು ಚಿಲ್ಟರ್ನ್ ಹಂಡ್ರೆಡ್ಸ್ ಅಥವಾ ನಾರ್ತ್‌ಸ್ಟೆಡ್ ಮ್ಯಾನರ್ ಎಂಬ, ನಿಜದಲ್ಲಿ ಕೆಲಸವೂ ಸಂಬಳವೂ ಇಲ್ಲದಿದ್ದರೂ ಕಾನೂನು ಅಂಥದ್ದೆಂದೇ ಎಣಿಸುವ ಹೆಸರಿನ ಹುದ್ದೆಗೆ ಅರ್ಜಿ ಹಾಕುತ್ತಾರೆ. ಅದು ಸಿಕ್ಕ ಕ್ಷಣ ಸ್ಥಾನ ತೆರವಾಗುತ್ತದೆ. ಅಲ್ಲೂ ಕಾರಣಕ್ಕೆ ಜಾಗವಿಲ್ಲ.

ರಿಚ್ಮಂಡ್ ಪಾರ್ಕ್ ನೈಋತ್ಯ ಲಂಡನ್ನಿನ ಅನುಕೂಲಸ್ಥರ ಕ್ಷೇತ್ರ. ಹೀಥ್ರೂ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಅಲ್ಲಿನ ಮನೆಗಳ ಮೇಲೆ ಹಾದುಹೋಗುತ್ತವೆ. ಕನ್ಸರ್ವೇಟಿವ್ ಪಕ್ಷದ ಜ್ಯಾಕ್ ಗೋಲ್ಡ್‌ಸ್ಮಿತ್, ಹೀಥ್ರೂವಿನ ಮೂರನೇ ರನ್‌ವೇಗೆ ತಮ್ಮ ಸರ್ಕಾರವೇ ಒಪ್ಪಿಗೆ ಕೊಟ್ಟರೆ ಸ್ಥಾನ ಬಿಡುವುದಾಗಿ ಮತದಾರರಿಗೆ ಮಾತು ಕೊಟ್ಟಿದ್ದರು. 2015ರಲ್ಲಿ ಅವರು 23 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. 25 ಅಕ್ಟೋಬರ್ 2016ರಂದು ಸರ್ಕಾರ ಒಪ್ಪಿಗೆ ಕೊಟ್ಟಿತು, ಅವರು ಕೊಟ್ಟ ಮಾತಿನಂತೆ ಅಂದೇ ರಾಜೀನಾಮೆ ಘೋಷಿಸಿ ಪಕ್ಷೇತರರಾಗಿ ಮತ್ತೆ ಕಣಕ್ಕಿಳಿದರು. ಕೊಟ್ಟ ಮಾತಿಗಾಗಿ ಸ್ಥಾನ ಬಿಡುವುದು ಅಪರೂಪ, ಆ ನಡೆಯನ್ನು ನಾನು ಗೌರವಿಸುತ್ತೇನೆ. ಕನ್ಸರ್ವೇಟಿವ್ ಪಕ್ಷ ಅವರ ವಿರುದ್ಧ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ಈ ಚುನಾವಣೆ ರನ್‌ವೇ ಕುರಿತ ಜನಮತಗಣನೆ ಎಂದು ಅವರು ಹೇಳಿದರು.

ಆದರೆ ಆ ಪ್ರಶ್ನೆಗೆ ಕ್ಷೇತ್ರದಲ್ಲಿ ಎರಡು ಉತ್ತರಗಳೇ ಇರಲಿಲ್ಲ. ಅವರ ಮುಖ್ಯ ಪ್ರತಿಸ್ಪರ್ಧಿ, ಲಿಬರಲ್ ಡೆಮಾಕ್ರಾಟ್ ಪಕ್ಷದ ಸಾರಾ ಓಲ್ನಿ, ರನ್‌ವೇಯನ್ನು ಅಷ್ಟೇ ಬಲವಾಗಿ ವಿರೋಧಿಸುತ್ತಿದ್ದರು. ಎಲ್ಲರೂ ಒಪ್ಪಿದ ಸಂಗತಿಯ ಮೇಲೆ ಮತದಾರರು ತೀರ್ಪು ಕೊಡುವುದಾದರೂ ಹೇಗೆ? ಅವರು ತಮ್ಮ ಪ್ರಶ್ನೆಯನ್ನು ತಾವೇ ಹುಡುಕಿಕೊಂಡರು. ಐದು ತಿಂಗಳ ಹಿಂದೆ, ಜೂನ್ 2016ರಲ್ಲಿ, ಐರೋಪ್ಯ ಒಕ್ಕೂಟದಿಂದ ಹೊರಬರುವ ಬಗ್ಗೆ ಜನಮತಗಣನೆ ನಡೆದಿತ್ತು. ರಿಚ್ಮಂಡ್ ಪುರಸಭೆಯ ವ್ಯಾಪ್ತಿಯಲ್ಲಿ ಶೇ. 69ರಷ್ಟು ಜನ ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದರು. ಗೋಲ್ಡ್‌ಸ್ಮಿತ್ ಹೊರಬರಬೇಕೆನ್ನುವವರ ಕಡೆಯಲ್ಲಿದ್ದರು. 1 ಡಿಸೆಂಬರ್ 2016ರಂದು ಸಾರಾ ಓಲ್ನಿ 1,872 ಮತಗಳಿಂದ ಗೆದ್ದರು. ಆರು ತಿಂಗಳ ನಂತರ, ಜೂನ್ 2017ರ ಸಾರ್ವತ್ರಿಕ ಚುನಾವಣೆಯಲ್ಲಿ, ಗೋಲ್ಡ್‌ಸ್ಮಿತ್ ಅದೇ ಕ್ಷೇತ್ರವನ್ನು ಮತ್ತೆ ಗೆದ್ದರು. ಅಂತರ 45 ಮತ. ಇಷ್ಟು ಕಡಿಮೆ ಅವಧಿಯಲ್ಲಿ ಅದೇ ಜನ, ಅದೇ ಇಬ್ಬರ ನಡುವೆ, ಎರಡು ಬೇರೆ ಉತ್ತರ ಕೊಟ್ಟರೆಂದರೆ ಅವರು ಚಂಚಲರೆಂದು ಅರ್ಥವಲ್ಲ. ಅವರ ಮುಂದಿದ್ದ ಪ್ರಶ್ನೆ ಬದಲಾಗಿತ್ತು. ಸರ್ಕಾರ ಯಾರದಾಗಬೇಕು ಎಂಬುದು ಒಂದು, ಸರ್ಕಾರಕ್ಕೆ ಏನು ಹೇಳಬೇಕು ಎಂಬುದು ಇನ್ನೊಂದು.

ಎರಡನೆಯದು ಲಂಡನ್ನಿನ ಪಶ್ಚಿಮ ಅಂಚಿನ ಅಕ್ಸ್‌ಬ್ರಿಜ್ ಮತ್ತು ಸೌತ್ ರೈಸ್ಲಿಪ್. ಅಲ್ಲಿನ ಸಂಸದರು ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್. ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಪ್ರಧಾನಿ ನಿವಾಸದಲ್ಲಿ ನಡೆದ ಕೂಟಗಳ ಕುರಿತು ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೇ ಎಂದು ಹಕ್ಕುಬಾಧ್ಯತಾ ಸಮಿತಿ ವಿಚಾರಣೆ ನಡೆಸುತ್ತಿತ್ತು. ವರದಿ ಪ್ರಕಟವಾಗುವ ಮೊದಲೇ, 9 ಜೂನ್ 2023ರಂದು, ಅವರು ರಾಜೀನಾಮೆ ಘೋಷಿಸಿದರು. ದೇಶದ ಪತ್ರಿಕೆಗಳೆಲ್ಲ ಈ ಉಪಚುನಾವಣೆಯನ್ನು ಜಾನ್ಸನ್ ನಡತೆಯ ಮೇಲಿನ ಮತ ಎಂದು ಬರೆಯತೊಡಗಿದವು. ಲೇಬರ್ ಪಕ್ಷ ದೇಶವಿಡೀ ಮುಂದಿತ್ತು, ಜಾನ್ಸನ್ ಅವರ ಹಿಂದಿನ ಅಂತರ 7,210 ಮಾತ್ರ. ಲೇಬರ್ ಗೆಲುವು ಖಚಿತವೆಂದೇ ಬಹಳ ಮಂದಿ ತಿಳಿದಿದ್ದರು.

ಆ ಬೀದಿಗಳಲ್ಲಿ ಜನ ಮಾತಾಡುತ್ತಿದ್ದುದು ಬೇರೆಯೇ. ಲಂಡನ್ ಮೇಯರ್ ಸಾದಿಕ್ ಖಾನ್, ಹೊಗೆ ಹೆಚ್ಚು ಉಗುಳುವ ವಾಹನಗಳ ಮೇಲಿನ ದಿನಶುಲ್ಕವನ್ನು 29 ಆಗಸ್ಟ್ 2023ರಿಂದ ನಗರದ ಹೊರವಲಯಕ್ಕೂ ವಿಸ್ತರಿಸುವುದಾಗಿ ಪ್ರಕಟಿಸಿದ್ದರು. ಶುಲ್ಕ ದಿನಕ್ಕೆ 12.50 ಪೌಂಡ್. ಸಾಮಾನ್ಯವಾಗಿ 2006ಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ, 2015ರ ಸೆಪ್ಟೆಂಬರಿಗಿಂತ ಹಳೆಯ ಡೀಸೆಲ್ ಕಾರುಗಳಿಗೆ ಅದು ಬೀಳುತ್ತಿತ್ತು. ಲಂಡನ್ ನಡುಭಾಗದವರಿಗೆ ಹೆಜ್ಜೆಗೊಂದು ಮೆಟ್ರೋ ನಿಲ್ದಾಣ. ಅಂಚಿನ ಬಡಾವಣೆಗಳಲ್ಲಿ ಕಾರಿಲ್ಲದೆ ಓಡಾಟ ಕಷ್ಟ. ಒಬ್ಬ ನಲ್ಲಿ ರಿಪೇರಿಯವನನ್ನು ತೆಗೆದುಕೊಳ್ಳಿ. ಹಳೆಯ ಡೀಸೆಲ್ ವ್ಯಾನಿನಲ್ಲಿ ಪೈಪು, ಸ್ಪ್ಯಾನರು ತುಂಬಿಕೊಂಡು ವಾರದಲ್ಲಿ ಐದು ದಿನ ಓಡಾಡಿದರೆ ಅವನ ಕೈಬಿಡುವುದು 62.50 ಪೌಂಡ್. ಅವನಿಗೆ ಜಾನ್ಸನ್ ಯಾವ ಕೂಟದಲ್ಲಿದ್ದರು ಎಂಬುದಕ್ಕಿಂತ ಈ ಲೆಕ್ಕ ಹತ್ತಿರದ್ದು. ಸ್ಥಳೀಯ ಹಿಲ್ಲಿಂಗ್‌ಡನ್ ಪುರಸಭೆಯೇ ಇತರ ಪುರಸಭೆಗಳ ಜೊತೆಗೂಡಿ ಈ ವಿಸ್ತರಣೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. ಕನ್ಸರ್ವೇಟಿವ್ ಅಭ್ಯರ್ಥಿ ಸ್ಟೀವ್ ಟಕ್‌ವೆಲ್ ತಮ್ಮ ಇಡೀ ಪ್ರಚಾರವನ್ನು ಇದೊಂದರ ಮೇಲೆ ನಿಲ್ಲಿಸಿದರು. ಲೇಬರ್ ಅಭ್ಯರ್ಥಿ ಡ್ಯಾನಿ ಬೀಲ್ಸ್ ತಮ್ಮದೇ ಪಕ್ಷದ ಮೇಯರರ ಯೋಜನೆಗೆ ಇದು ಸಕಾಲವಲ್ಲ ಎನ್ನಬೇಕಾಯಿತು. 20 ಜುಲೈ 2023ರಂದು ಟಕ್‌ವೆಲ್ 495 ಮತಗಳಿಂದ ಗೆದ್ದರು. ಮತದಾನ ಶೇ. 46.

ನಗರದ ಗಾಳಿ ಶುದ್ಧವಾಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳ ಶ್ವಾಸಕೋಶಕ್ಕೆ ಸೇರುವ ಹೊಗೆಯ ಮುಂದೆ ಆ ಶುಲ್ಕ ಸಣ್ಣದು ಎಂದೇ ನಾನು ಭಾವಿಸುತ್ತೇನೆ. ಆದರೂ ಆ ನಲ್ಲಿ ರಿಪೇರಿಯವನ ಮತ ತಪ್ಪು ಎನ್ನಲಾರೆ. ಹಳೆಯ ವಾಹನ ಬದಲಿಸಲು ಸಹಾಯಧನ ಅವನಂಥ ಅನೇಕರಿಗೆ ಸಿಗುವಂತಿರಲಿಲ್ಲ ಅಥವಾ ಸಾಲುವಂತಿರಲಿಲ್ಲ. ಫಲಿತಾಂಶ ಬಂದು ಎರಡು ವಾರದಲ್ಲಿ ಮೇಯರ್ ಆ ಸಹಾಯಧನವನ್ನು ಹಳೆಯ ವಾಹನವಿರುವ ಎಲ್ಲ ಲಂಡನ್ ನಿವಾಸಿಗಳಿಗೂ ವಿಸ್ತರಿಸಿದರು; ಶುಲ್ಕವನ್ನು ಕೈಬಿಡಲಿಲ್ಲ. ಉಪಚುನಾವಣೆಯೊಂದು ಮಾಡಬಹುದಾದ ಒಳ್ಳೆಯ ಕೆಲಸ ಇದು: ಆಗಬೇಕಾದ ಕೆಲಸ ನಿಲ್ಲಲಿಲ್ಲ, ಅದರ ಹೊರೆ ಹೊರಲಾರದವರ ಕಡೆ ಅಧಿಕಾರ ತಿರುಗಿ ನೋಡಿತು.

ಆದರೆ ಫಲಿತಾಂಶವನ್ನು ಓದಿದವರು ಅಲ್ಲಿಗೆ ನಿಲ್ಲಲಿಲ್ಲ. ಅದೇ ದಿನ ಇನ್ನೆರಡು ಕ್ಷೇತ್ರಗಳಲ್ಲೂ ಉಪಚುನಾವಣೆ ನಡೆದು, ಕನ್ಸರ್ವೇಟಿವ್ ಪಕ್ಷ ಎರಡನ್ನೂ ಕಳೆದುಕೊಂಡಿತ್ತು. ಸೆಲ್ಬಿಯಲ್ಲಿ 20 ಸಾವಿರಕ್ಕೂ ಮಿಕ್ಕಿದ ಅಂತರ ಕರಗಿಹೋಗಿತ್ತು. ಆದರೂ ಹೆಚ್ಚು ಚರ್ಚೆಯಾದದ್ದು 495 ಮತಗಳ ಅಕ್ಸ್‌ಬ್ರಿಜ್. ಪರಿಸರ ನೀತಿಗೆ ಜನರ ವಿರೋಧವಿದೆ ಎಂಬ ತೀರ್ಮಾನ ಎರಡೂ ಪಕ್ಷಗಳಲ್ಲಿ ಹಬ್ಬಿತು. ಸೆಪ್ಟೆಂಬರಿನಲ್ಲಿ ಪ್ರಧಾನಿ ರಿಷಿ ಸುನಕ್ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳ ಮಾರಾಟ ನಿಷೇಧವನ್ನು 2030ರಿಂದ 2035ಕ್ಕೆ ಮುಂದೂಡಿದರು. ಮೇ 2024ರಲ್ಲಿ ಸಾದಿಕ್ ಖಾನ್ ಮೂರನೇ ಬಾರಿಗೆ ಮೇಯರ್ ಆದರು, ಜುಲೈನಲ್ಲಿ ಡ್ಯಾನಿ ಬೀಲ್ಸ್ ಅಕ್ಸ್‌ಬ್ರಿಜ್ ಗೆದ್ದರು, ಅದೂ ಆರುನೂರಕ್ಕಿಂತ ಕಡಿಮೆ ಅಂತರದಿಂದ. ಅರ್ಧದಷ್ಟೂ ಜನ ಬಾರದ ಒಂದು ಕ್ಷೇತ್ರದ ಸಣ್ಣ ಅಂತರವನ್ನು ಇಡೀ ದೇಶದ ಮನಸ್ಸೆಂದು ಓದಿದ್ದು, ನನ್ನ ದೃಷ್ಟಿಯಲ್ಲಿ, ಆ ಮತದಾರರಿಗೇ ಮಾಡಿದ ಅಪಚಾರ. ಅವರು ಹೇಳಿದ್ದು ಒಂದು ನಿರ್ದಿಷ್ಟ ಶುಲ್ಕದ ಬಗ್ಗೆ, ಒಂದು ನಿರ್ದಿಷ್ಟ ತಿಂಗಳಲ್ಲಿ.

ಈಗ ಪ್ರಶ್ನೆಯಿಂದ ದಿನಾಂಕಕ್ಕೆ ಬರುತ್ತೇನೆ, ಏಕೆಂದರೆ ಯಾವಾಗ ಕೇಳುತ್ತೀರಿ ಎಂಬುದೂ ಏನು ಕೇಳುತ್ತೀರಿ ಎಂಬುದನ್ನು ಬದಲಿಸುತ್ತದೆ. ಪಂಜಾಬಿನ ನದಿನೀರನ್ನು ಹರಿಯಾಣಕ್ಕೆ ಒಯ್ಯುವ ಸತ್ಲೆಜ್–ಯಮುನಾ ಕಾಲುವೆಯ ಕುರಿತು ಸುಪ್ರೀಂ ಕೋರ್ಟಿನ ನಿಲುವನ್ನು ಪ್ರತಿಭಟಿಸಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ನವೆಂಬರ್ 2016ರಲ್ಲಿ ಅಮೃತಸರದ ಸಂಸದ ಸ್ಥಾನ ಬಿಟ್ಟರು. ಉಪಚುನಾವಣೆ 4 ಫೆಬ್ರುವರಿ 2017ರಂದು, ಪಂಜಾಬ್ ವಿಧಾನಸಭೆಯ ಮತದಾನದ ದಿನವೇ ನಡೆಯಿತು. ಕಾಲುವೆಯ ಪ್ರಶ್ನೆ ರಾಜ್ಯ ಸರ್ಕಾರವನ್ನು ಬದಲಿಸುವ ಪ್ರಶ್ನೆಯೊಳಗೆ ಮುಳುಗಿಹೋಯಿತು. ಕಾಂಗ್ರೆಸ್ಸಿನ ಗುರ್ಜೀತ್ ಸಿಂಗ್ ಔಜಲಾ ಸುಮಾರು ಎರಡು ಲಕ್ಷ ಮತಗಳಿಂದ ಗೆದ್ದರು.

ನಮ್ಮ ಕಾನೂನು ಬ್ರಿಟನ್ನಿಗಿಂತ ಒಂದು ವಿಷಯದಲ್ಲಿ ಉತ್ತಮ. ಅಲ್ಲಿ ಚುನಾವಣಾ ಆದೇಶ ಹೊರಡಿಸುವಂತೆ ಸದನದಲ್ಲಿ ಪ್ರಸ್ತಾಪ ಮಂಡಿಸುವುದು, ಸಂಪ್ರದಾಯದಂತೆ, ಸ್ಥಾನ ಕಳೆದುಕೊಂಡ ಪಕ್ಷದ ಮುಖ್ಯ ಸಚೇತಕರು. ದಿನ ಆರಿಸುವ ಅನುಕೂಲ ಆ ಪಕ್ಷದ್ದೇ. ಇಲ್ಲಿ ಅದು ಚುನಾವಣಾ ಆಯೋಗದ ಕೈಯಲ್ಲಿದೆ, ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮು ಆರು ತಿಂಗಳ ಗಡುವನ್ನೂ ಹಾಕಿದೆ. ಗಡುವಿಗೆ ಎರಡು ವಿನಾಯಿತಿಗಳಿವೆ. ತೆರವಾದ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಚುನಾವಣೆ ಬೇಕಿಲ್ಲ. 2018ರಲ್ಲಿ ನಾವೇ ಇದನ್ನು ಕಂಡೆವು: ಲೋಕಸಭೆಯ ಅವಧಿ 3 ಜೂನ್ 2019ಕ್ಕೆ ಮುಗಿಯುವುದಿತ್ತು, ಬಳ್ಳಾರಿ, ಶಿವಮೊಗ್ಗ, ಮಂಡ್ಯಗಳು ಮೇ 2018ರಲ್ಲಿ ತೆರವಾದ್ದರಿಂದ, ಕೆಲವೇ ದಿನಗಳ ಅಂತರದಿಂದ, ಮೂರಕ್ಕೂ ನವೆಂಬರಿನಲ್ಲಿ ಮತದಾನ ನಡೆಯಿತು. ವಿಶೇಷ ಸ್ಥಾನಮಾನದ ಬೇಡಿಕೆಗಾಗಿ ಆಂಧ್ರದ ಐವರು ಸಂಸದರು ಕೊಟ್ಟ ರಾಜೀನಾಮೆ ಅಂಗೀಕಾರವಾದದ್ದು ಜೂನ್ 2018ರಲ್ಲಿ. ಅಲ್ಲಿ ಚುನಾವಣೆಯೇ ಆಗಲಿಲ್ಲ.

ಎರಡನೆಯ ವಿನಾಯಿತಿ ನನಗೆ ಆತಂಕ ತರುತ್ತದೆ. ಕೇಂದ್ರ ಸರ್ಕಾರದೊಂದಿಗೆ ಸಮಾಲೋಚಿಸಿ, ಅವಧಿಯೊಳಗೆ ಚುನಾವಣೆ ನಡೆಸುವುದು ಕಷ್ಟ ಎಂದು ಆಯೋಗ ಪ್ರಮಾಣೀಕರಿಸಿದರೆ ಗಡುವು ಸಡಿಲವಾಗುತ್ತದೆ. ಮೆಹಬೂಬಾ ಮುಫ್ತಿ 2016ರಲ್ಲಿ ಬಿಟ್ಟ ಅನಂತನಾಗ್ 2019ರವರೆಗೆ ಖಾಲಿಯೇ ಉಳಿಯಿತು. ಏಪ್ರಿಲ್ 2017ರ ಶ್ರೀನಗರ ಉಪಚುನಾವಣೆಯ ದಿನ ಎಂಟು ಜನ ಸತ್ತು, ಮತದಾನ ಶೇ. 7ಕ್ಕೆ ಕುಸಿದಿದ್ದನ್ನು ನೆನೆದರೆ ಆ ನಿರ್ಧಾರಕ್ಕೆ ಕಾರಣ ತಿಳಿಯುತ್ತದೆ. ಆದರೆ ಪುಣೆಗೆ ಏನಾಗಿತ್ತು? ಅಲ್ಲಿ ಸ್ಥಾನ ತೆರವಾದದ್ದು ರಾಜೀನಾಮೆಯಿಂದಲ್ಲ, 29 ಮಾರ್ಚ್ 2023ರಂದು ಸಂಸದ ಗಿರೀಶ್ ಬಾಪಟ್ ಅವರ ನಿಧನದಿಂದ. ಕಾನೂನು ಎರಡಕ್ಕೂ ಒಂದೇ. ಉಳಿದ ಅವಧಿ ಒಂದು ವರ್ಷಕ್ಕಿಂತ ಹೆಚ್ಚಿತ್ತು, ಊರು ಶಾಂತವಾಗಿತ್ತು. ಆಯೋಗ ಸಾರ್ವತ್ರಿಕ ಚುನಾವಣೆಯ ಸಿದ್ಧತೆಯ ಕಾರಣ ಕೊಟ್ಟಿತು. ತಡಮಾಡದೆ ಚುನಾವಣೆ ನಡೆಸಿ ಎಂದು ಬಾಂಬೆ ಹೈಕೋರ್ಟ್ ಡಿಸೆಂಬರ್ 2023ರಲ್ಲಿ ಆದೇಶಿಸಿತು, ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಪುಣೆಯವರು ಮತ ಹಾಕಿದ್ದು 13 ಮೇ 2024ರ ಸಾರ್ವತ್ರಿಕ ಚುನಾವಣೆಯಲ್ಲಿ.

ಅವಧಿಯ ನಡುವೆ ಬಿಟ್ಟುಹೋಗುವವರಿಂದಲೇ ಚುನಾವಣೆಯ ಖರ್ಚು ವಸೂಲಿ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಎರಡು ಕಡೆ ಗೆದ್ದು ಒಂದನ್ನು ಬಿಡುವವರಿಂದ ಲೋಕಸಭಾ ಸ್ಥಾನಕ್ಕೆ 10 ಲಕ್ಷ ರೂಪಾಯಿ ಪಡೆಯಬಹುದೆಂದು ಆಯೋಗವೇ 2004ರಲ್ಲಿ ಸೂಚಿಸಿತ್ತು. ಹಣವುಳ್ಳವರಿಗೆ ಅದು ಅಡ್ಡಿಯಾಗದು, ಗೋಲ್ಡ್‌ಸ್ಮಿತ್ ಅವರಂತೆ ಮಾತಿಗಾಗಿ ಸ್ಥಾನ ಬಿಡುವ, ಆದರೆ ಹಣವಿಲ್ಲದ ಸದಸ್ಯರಿಗೆ ಮಾತ್ರ ಅಡ್ಡಿಯಾದೀತು. ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ನನ್ನ ಒತ್ತಾಯ ಬೇರೆ. ಆರು ತಿಂಗಳ ಗಡುವು ಮೂರಕ್ಕೆ ಇಳಿಯಬೇಕು. ಚುನಾವಣೆ ನಡೆಸಲು ಕಷ್ಟ ಎಂದು ಆಯೋಗ ಪ್ರಮಾಣೀಕರಿಸಿದರೆ, ಆ ಪ್ರಮಾಣಪತ್ರವನ್ನು ಪೂರ್ಣ ಕಾರಣಗಳ ಸಮೇತ ಆ ಕ್ಷೇತ್ರದ ಭಾಷೆಯಲ್ಲಿ ಅಚ್ಚು ಹಾಕಿಸಿ, ಅಲ್ಲಿನ ಪ್ರತಿ ಮತಗಟ್ಟೆಯ ಬಾಗಿಲಿಗೂ ಅಂಟಿಸಬೇಕು.